ಮೇಲಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಆ ದಿನ ಅತ್ತೆಗೆ ನಾನು ಏನು ಹೇಳಿದ್ದೆ ಎಂಬುದು ನನ್ನ ಡೈರಿಯಲ್ಲಿ ಸ್ಪಷ್ಟವಾಗಿಯೇ ಇದೆ: ‘ಹೋದ ಬಾಗಿಲಿನಿಂದಲೇ ವಾಪಸ್ ಬನ್ನಿ ಎಂದೆ. ಮರೆತರು.’ ಅಕ್ಷರ ನನ್ನದೇ. ಆದರೆ ಹಾಗೆ ಹೇಳಿದ್ದು ನೆನಪಿಲ್ಲ. ಬರೆದದ್ದು ನೆನಪಿದೆ.

ಅದು ಕರೋನಾದ ಮೊದಲ ಬೇಸಿಗೆ. ಆಮರ್ಸ್‌ಫೋರ್ಟ್ ಎಂಬ ಡಚ್ ಊರಿನ ನಮ್ಮ ಫ್ಲ್ಯಾಟಿನಲ್ಲಿ ನಾನು, ಗಂಡ, ಅತ್ತೆ ಮೂವರೂ ತಿಂಗಳುಗಟ್ಟಲೆ ಒಂದೇ ಮೇಜಿನ ಸುತ್ತ ಕೂತು ಒಬ್ಬರಿಗೊಬ್ಬರು ಸಾಕಾಗಿದ್ದೆವು. ಗಡಿ ತೆರೆದದ್ದೇ ತಡ, ಎರಡು ದಿನ ಕಾರು ಓಡಿಸಿಕೊಂಡು ಇಟಲಿಯ ಒಂದು ಬೆಟ್ಟದ ಊರಿಗೆ ಹೋದೆವು. ಹಳೆಯ ಊರಿನೊಳಕ್ಕೆ ಕಾರು ಬಿಡುವುದಿಲ್ಲ. ನಮ್ಮಿಬ್ಬರನ್ನು ಮೇಲಿನ ಚೌಕದ ಹತ್ತಿರ ಇಳಿಸಿ ಗಂಡ ಪಾರ್ಕಿಂಗ್ ಹುಡುಕಲು ಕೆಳಗೆ ಹೋದ.

ಚೌಕದಲ್ಲಿ ಒಂದು ಚರ್ಚ್. ಅತ್ತೆ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟರು.

“ಇಲ್ಲಿ ಬಿಡಬೇಕಾಗಿಲ್ಲ ಅತ್ತೆ.”

“ದೇವರು ಯಾರಾದರೇನು, ನೆಲ ಒರೆಸೋಳು ಒಬ್ಬಳು ಇರ್ತಾಳಲ್ಲ,” ಎಂದು ಮಾಸ್ಕ್ ಸರಿಮಾಡಿಕೊಂಡು ಒಳಗೆ ಹೋದರು. ಒಳಗೆ ಸ್ವಲ್ಪ ಜನರನ್ನಷ್ಟೇ ಬಿಡುತ್ತಿದ್ದರು. ನಾನು ಅದನ್ನೇ ನೆಪ ಮಾಡಿಕೊಂಡು ಹೊರಗೆ ಉಳಿದೆ. ಅರ್ಧ ಗಂಟೆ ಯಾರೂ ಇಲ್ಲದೆ ಇರಬೇಕಿತ್ತು ನನಗೆ. ಇದು ಮಾತ್ರ ಚೆನ್ನಾಗಿ ನೆನಪಿದೆ, ಮರೆತಿದ್ದರೆ ಚೆನ್ನಾಗಿತ್ತು.

ಓಣಿಗಳಲ್ಲಿ ಅಲೆದೆ. ನೆತ್ತಿಗೆ ತಾಗುವಂಥ ಕಮಾನುಗಳು, ಒಬ್ಬರ ಸೂರಿನ ಮೇಲೆ ಇನ್ನೊಬ್ಬರ ಹೊಸ್ತಿಲು, ಎಲ್ಲಿಗೆಂದು ತಿಳಿಯದೆ ಹತ್ತುವ ಮೆಟ್ಟಿಲುಗಳು. ಫೋನಿನ ಮ್ಯಾಪಿನಲ್ಲಿ ಪಕ್ಕದ ಬೀದಿ ಒಂದು ಬೆರಳಿನಷ್ಟು ದೂರ. ನಿಜದಲ್ಲಿ ಅದು ನನ್ನ ಕಾಲ ಕೆಳಗೆ, ಮೂರು ಮಾಳಿಗೆಯ ಆಳದಲ್ಲಿತ್ತು. ಆಮರ್ಸ್‌ಫೋರ್ಟ್‌ನ ಸಮತಟ್ಟು ನೆಲದಲ್ಲಿ ಸೈಕಲ್ ತುಳಿಯುವ ನನಗೆ ಎಡ, ಬಲ ಮಾತ್ರ ಗೊತ್ತು. ಕಟ್ಟೆಗೆ ಒರಗಿ ಕೆಳಗೆ ನೋಡಿದಾಗ ಹಸಿರು ಸೀರೆಯ ಅಂಚೊಂದು ತಿರುವಿನಲ್ಲಿ ಮರೆಯಾದಂತೆ ಕಂಡಿತು. ಆ ಊರಲ್ಲಿ ಇನ್ಯಾರು ಸೀರೆ ಉಟ್ಟಾರು? ನೋಡಿಯೂ ಸುಮ್ಮನಿದ್ದೆನೇ, ಅಥವಾ ಇದು ಆಮೇಲೆ ನಾನೇ ಸೇರಿಸಿಕೊಂಡ ಚಿತ್ರವೇ?

ಚೌಕಕ್ಕೆ ಮರಳಿದಾಗ ಚಪ್ಪಲಿ ಅಲ್ಲೇ ಇದ್ದವು. ಚಪ್ಪಲಿ ಇದ್ದರೆ ಅತ್ತೆಯೂ ಒಳಗಿರಲೇಬೇಕು ಎಂದು ನೆಮ್ಮದಿಯಾಗಿ ಪಕ್ಕದಲ್ಲಿ ಕೂತೆ. ಸುಮಾರು ಹೊತ್ತಾದ ಮೇಲೆ ಫೋನ್ ಬಂತು. ಗಂಡ ಪಾರ್ಕಿಂಗ್‌ನಿಂದ ಹತ್ತಿ ಬರುವಾಗ ಅತ್ತೆ ಕೆಳಗಿನ ಕೋಟೆಬಾಗಿಲ ಹತ್ತಿರ ಸಿಕ್ಕಿದ್ದರು. ಬರಿಗಾಲು, ಕಾದ ಕಲ್ಲು, ಎರಡೂ ಅಂಗಾಲಲ್ಲಿ ಬೊಕ್ಕೆ.

ಚಪ್ಪಲಿ ಹಿಡಿದು ಕೆಳಗೆ ಓಡಿದೆ. ಚರ್ಚಿನೊಳಗೆ ಜನ ಎದುರುಬದುರಾಗದಂತೆ ನೆಲಕ್ಕೆ ಬಾಣ ಅಂಟಿಸಿದ್ದರಂತೆ. ಒಂದು ಬಾಗಿಲಲ್ಲಿ ಹೋಗಿ ಇನ್ನೊಂದರಲ್ಲಿ ಹೊರಬರಬೇಕು. ಆ ಇನ್ನೊಂದು ಬಾಗಿಲು ಕೆಳಗಿನ ಬೀದಿಗೆ.

“ಬಾಣದ ಎದುರು ಬರಬೇಕಿತ್ತಾ? ಸೂಪರ್‌ಮಾರ್ಕೆಟ್‌ನಲ್ಲಿ ಒಂದು ಹೆಜ್ಜೆ ಹಿಂದಿಟ್ಟರೂ ಕಣ್ಣು ಬಿಡ್ತಿದ್ಯಲ್ಲ,” ಎಂದರು ಅತ್ತೆ.

“ನೀನು ಅಮ್ಮಂಗೆ ಏನಂತ ಹೇಳಿದ್ದೆ?” ಎಂದ ಗಂಡ.

“ಹೋದ ಬಾಗಿಲಿಂದಲೇ ಬನ್ನಿ ಅಂದಿದ್ದೆ.”

“ಏನೂ ಹೇಳ್ಲಿಲ್ಲವಲ್ಲೇ ನೀನು?” ಎಂದು ಅತ್ತೆ ನನ್ನನ್ನೇ ನೋಡಿದರು. ಡೈರಿಯ ಸಾಲು ಬರೆದದ್ದು ಇದಾದ ಮೇಲೆ, ಅದೇ ಸಂಜೆ.

ಚಳಿಗಾಲದಲ್ಲಿ ಅಂಗಡಿಗಳು ಮತ್ತೆ ಮುಚ್ಚಿದವು, ವಾರದ ಸಂತೆ ಮಾತ್ರ ಇತ್ತು. ಅತ್ತೆ ಮೊದಲು ಚೀಲ ಹಿಡಿದು ಒಬ್ಬರೇ ಅಲ್ಲಿಗೆ ಹೋಗಿ ಬೆರಳು ತೋರಿಸಿ ತರಕಾರಿ ತರುತ್ತಿದ್ದರು. ಇಟಲಿಯಿಂದ ಬಂದಮೇಲೆ ಹೋಗುವುದನ್ನು ಬಿಟ್ಟಿದ್ದರು. ಸೋಂಕಿನ ಭಯಕ್ಕೆ ಇರಬೇಕು ಅಂದುಕೊಂಡಿದ್ದೆ. ಒಂದು ಶನಿವಾರ ಬೆಳಗ್ಗೆ ಮೈಸೂರಿನ ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು.

“ಇವಳು ಅಷ್ಟು ಹೇಳಿದ್ಲು ಕಣೇ, ಹೋದ ಬಾಗಿಲಿಂದಲೇ ಬನ್ನಿ ಅಂತ. ನನಗೇ ತಲೇಲಿ ನಿಲ್ಲಲಿಲ್ಲ. ಈಗ ಒಬ್ಬಳೇ ಆಚೆ ಹೋಗೋಕೆ ಧೈರ್ಯ ಸಾಲದು.”

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಫೋನ್ ಇಟ್ಟಮೇಲೆ ಕೇಳಿದೆ: “ನಾನು ಹೇಳಿದ್ದು ನಿಮಗೆ ನೆನಪಿದೆಯಾ ಅತ್ತೆ?”

“ಇಲ್ಲ, ಅದಕ್ಕೇ ಹೆದರಿಕೆ. ನೀನು ಬರೆದಿಟ್ಟಿದ್ದೀಯಂತಲ್ಲ, ಅವನು ಹೇಳ್ದ.”

“ಬರೆದಿದ್ದೀನಿ. ಆದರೆ ಹೇಳಿರಲಿಲ್ಲ ಅನಿಸುತ್ತೆ.”

“ಅನಿಸುತ್ತೋ, ಗೊತ್ತೋ?”

ಹೇಳಿರಲಿಲ್ಲ ಎಂದು ಖಚಿತವಾಗಿ ಹೇಳಿಬಿಟ್ಟಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು. ಆದರೆ ಅದೂ ಡೈರಿಯ ಸಾಲಿನಂಥದ್ದೇ ಆಗುತ್ತಿತ್ತು.

“ಗೊತ್ತಿಲ್ಲ,” ಎಂದೆ. “ಅವನು ಕೇಳಿದಾಗ ಭಯಕ್ಕೆ ಬಾಯಿಗೆ ಬಂದದ್ದನ್ನು ಹೇಳಿದೆ. ಆಮೇಲೆ ಅದನ್ನೇ ಬರೆದೆ. ನಿಮಗಾಗಿ ಅಲ್ಲೇ ಕಾಯಲೂ ಇಲ್ಲ, ಊರು ನೋಡಲು ಹೋಗಿದ್ದೆ.”

ಅತ್ತೆ ಬೈಯುತ್ತಾರೆಂದುಕೊಂಡೆ.

“ಇಷ್ಟು ಓದಿರೋ ನಿನಗೇ ಗೊತ್ತಿಲ್ಲ ಅಂದಮೇಲೆ ನಂದೇನಿದೆ,” ಎಂದು ಎದ್ದು, ಬಾಗಿಲ ಹಿಂದಿನ ಸಂತೆ ಚೀಲ ತೆಗೆದುಕೊಂಡರು. “ಕೊತ್ತಂಬರಿ ಒಂದೇ ತಾನೆ?”