ಕಸ್ತೂರೆವ್ವನ ಮಗ್ಗಕ್ಕೊಂದು ನೆಲ

ಬೆಟಗೇರಿಯ ಕಸ್ತೂರೆವ್ವ ಮದುವೆಯಾಗಿ ಬಂದಾಗಿನಿಂದ ಬಾಡಿಗೆ ಮನೆಗಳಲ್ಲೇ ಸೀರೆ ನೇಯ್ದವಳು. ಅವಳದು ಕುಣಿಮಗ್ಗ. ನೆಲದಲ್ಲಿ ತೆಗ್ಗು ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕುಳಿತು ಮಗ್ಗದ ಹಲಗೆ ತುಳಿಯಬೇಕು. ಮನೆ ಬದಲಿಸಿದಾಗಲೆಲ್ಲ ಹಳೆಯ ತೆಗ್ಗು ಮುಚ್ಚಿಕೊಟ್ಟು, ಹೊಸ ಮಾಲಕರನ್ನು ಒಪ್ಪಿಸಿ ಇನ್ನೊಂದು ತೋಡಬೇಕು. ನೆಲ ಅಗೆಯುವ ಮಾತು ಕೇಳಿದ ಕೂಡಲೇ ಬಹಳ ಮಂದಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಗದಗಿನ ಅಂಚಿನಲ್ಲಿ ಬಡವರಿಗೆಂದು ಮೂರಂತಸ್ತಿನ ಮನೆಗಳು ಏಳುತ್ತಿವೆ ಎಂಬ ಖಬರ ಬಂದಾಗ ಅವಳೇ ಗಂಡ ಉಳವಪ್ಪನನ್ನು ಎಳೆದುಕೊಂಡು ಹೋಗಿ ಅರ್ಜಿ ಹಾಕಿಸಿದಳು. ಸರ್ಕಾರದ ಸಹಾಯಧನ ಹೋಗಿ ಉಳಿದದ್ದಕ್ಕೆ ಬ್ಯಾಂಕಿನ ಸಾಲ. ಮಗ್ಗ ನಡೆದರೆ ಕಂತು ನಡೆಯುತ್ತದೆ ಎಂಬುದು ಅವಳ ಧೈರ್ಯ.

ಮನೆ ಹಂಚಲು ಚೀಟಿ ಎತ್ತಿದಾಗ ಅವರಿಗೂ ಒಂದು ಬಂತು. ಆದರೆ ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ.

"ಗಾಳಿ ಚಲೋ ಬರ್ತೈತಿ" ಎಂದ ಉಳವಪ್ಪ.

"ಅಲ್ಲಿ ತೆಗ್ಗು ತೋಡಿದ್ರ ಕೆಳಗಿನವ್ರ ತಲಿ ಮ್ಯಾಲ ನನ್ನ ಕಾಲು ಜೋತು ಬೀಳ್ತಾವು."

"ಹಂಗಾರ ಮಗ್ಗಾ ಮಾರಿಬಿಡೂನು."

ಕಸ್ತೂರೆವ್ವ ಆ ಮಾತಿಗೆ ಸೊಪ್ಪು ಹಾಕಲಿಲ್ಲ.

ಮರುದಿನ ಮನೆ ಹಂಚುವ ಕಚೇರಿಗೆ ಹೋಗಿ ಎಂಜಿನಿಯರನ್ನು ಕೇಳಿದಳು, "ಅದಲು-ಬದಲು ಮಾಡಾಕ ಬರ್ತೈತೇನ್ರಿ?"

"ನೋಂದಣಿ ಆಗೂದ್ರಾಗ ಇಬ್ಬರೂ ಒಪ್ಪಿದ್ರ ನೋಡೂನು. ಆದರ ಕೆಳಗಿನ ಮನಿ ಯಾರ್ ಬಿಡ್ತಾರವ್ವಾ?"

ಕೆಳಗಿನ ಮನೆ ಸಿಕ್ಕು ನೋಡಲು ಬಂದವರನ್ನೆಲ್ಲ ಅವಳು ಕೇಳುತ್ತಾ ಹೋದಳು. ಆಟೊ ಓಡಿಸುವ ಖಾಸಿಂಸಾಬ, "ನನ್ನ ಗಾಡಿ ಮೆಟ್ಟಲಾ ಹತ್ತಂಗಿಲ್ಲಕ್ಕಾ" ಎಂದು ನಕ್ಕ. ಇನ್ನೊಬ್ಬಾಕೆಗೆ ಕಿರಾಣಿ ಅಂಗಡಿ ಇಡುವ ಆಸೆ. ಕೊನೆಯ ಬಾಗಿಲಲ್ಲಿ ನಾಗರತ್ನಾ ಸಿಕ್ಕಳು. ಶ್ಯಾವಿಗೆ, ಹಪ್ಪಳ, ಸಂಡಿಗೆ ಮಾಡಿ ಮಾರುವವಳು. ಕೆಳಗಿನ ಮನೆ ಸಿಕ್ಕಿದ್ದರೂ ಮುಖ ಗಂಟು ಹಾಕಿಕೊಂಡು ನಿಂತಿದ್ದಳು.

"ಎದುರಿನ ಕಟ್ಟಡದ ನೆರಳು ನೋಡ್ರಿ. ಸಂಡಿಗಿ ಎಲ್ಲಿ ಒಣಸ್ಲಿ?"

"ನನ್ನ ಮನಿ ನೆತ್ತಿ ಮ್ಯಾಲ ತಾರಸಿ ಐತಿ. ಬಾ ತಂಗಿ, ತೋರಸ್ತೀನಿ."

ಇಬ್ಬರೂ ಹತ್ತಿದರು. ತಾರಸಿ ತುಂಬ ಬಿಸಿಲು. ನಾಗರತ್ನಾ ಚಪ್ಪಲಿ ಬಿಟ್ಟು ಪಾದ ಊರಿ, ಸುಟ್ಟಿತೆಂದು ತೆಗೆದು, ಸಮಾಧಾನದಿಂದ ನಕ್ಕಳು. ಮರುಗಳಿಗೆಯಲ್ಲೇ ಮುಖ ಸಣ್ಣದಾಯಿತು. ಅವಳ ಅತ್ತೆ ಕಳಕವ್ವನಿಗೆ ಮೊಣಕಾಲು ನೋವು, ಮೆಟ್ಟಿಲು ಮತ್ತೆ ಮತ್ತೆ ಹತ್ತಿಳಿಯಲಾರಳು. ಅತ್ತೆಯನ್ನು ಕೇಳದೆ ಹ್ಞೂಂ ಅನ್ನಲಾರಳು.

ಕಸ್ತೂರೆವ್ವ ಅವಳ ಬೆನ್ನಿಗೇ ಕಳಕವ್ವನ ಹತ್ತಿರ ಹೋದಳು. ಮುದುಕಿ ಎಲ್ಲ ಕೇಳಿಸಿಕೊಂಡು, "ಹಗಲೆಲ್ಲಾ ಮ್ಯಾಲ ನಾ ಒಬ್ಬಾಕೀನ ಕುಂಡ್ರೂದೇನ?" ಎಂದಳು.

"ಯಾಕ ಕುಂಡ್ರತೀರಿ? ಮುಂಜಾನೆ ಇಳದು ಬರ್ರಿ, ಸಂಜಿಗೆ ಹತ್ರಿ. ಹಗಲಿಡೀ ನನ್ನ ಮನ್ಯಾಗ ಇರ್ರಿ."

"ಚಾ ಕೊಡ್ತೀಯೇನ?"

"ಕೊಡ್ತೀನ್ರಿ."

"ಸಕ್ರಿ ಹಾಕಿ? ಈಕಿ ಹಾಕಂಗಿಲ್ಲ."

"ಒಂದೀಟು ಹಾಕ್ತೀನಿ."

"ಹಂಗಾರ ಆತು."

ಮಂಜೂರಾತಿಗೆ ಕಚೇರಿಗೆ ಸಾಕಷ್ಟು ಅಲೆದಾಟವಾಯಿತು, ಆದರೂ ಕೆಲಸ ಆಯಿತು. ಎಂಜಿನಿಯರ್ ತಾನೇ ಬಂದು, ಕಂಬ-ಗೋಡೆಗಳಿಂದ ದೂರ, ಕೋಣೆಯ ನಡುವೆ ಗೆರೆ ಎಳೆದುಕೊಟ್ಟ. ತೆಗ್ಗು ತೋಡಿದವನು ಉಳವಪ್ಪ. ಮುಗಿದ ಮೇಲೆ ತಾನೇ ಒಳಗಿಳಿದು ಕುಳಿತು, "ಆಳ ಬರೋಬ್ಬರಿ ಐತಿ ನೋಡು" ಎಂದ.

ಕಳಕವ್ವ ಈಗ ಮಗ್ಗದ ಪಕ್ಕ ಕುಳಿತು ನೂಲು ಸುತ್ತಿಕೊಡುತ್ತಾಳೆ, ಸೀರೆಯ ಬಣ್ಣ ಚಂದವಿಲ್ಲ ಎಂದು ದಿನಕ್ಕೊಮ್ಮೆ ತಕರಾರು ತೆಗೆಯುತ್ತಾಳೆ. ಮಗ್ಗದ ಸಪ್ಪಳಕ್ಕೆ ತನ್ನ ಮಧ್ಯಾಹ್ನದ ನಿದ್ದೆ ಕೆಡುತ್ತದೆ ಎಂಬುದು ಖಾಸಿಂಸಾಬನ ತಕರಾರು. ಅದನ್ನು ಕಸ್ತೂರೆವ್ವ ಒಪ್ಪಿಕೊಂಡಳು. ಉಂಡ ಮೇಲೆ ಮಗ್ಗ ನಿಲ್ಲಿಸಿ ತಾರಸಿಗೆ ಹೋಗಿ, ನಾಗರತ್ನಾಳ ಸಂಡಿಗೆಗೆ ಕಾಗೆ ಬರದಂತೆ ಕಾಯುತ್ತಾಳೆ. ಅರೆ ಒಣಗಿದ ಸಂಡಿಗೆ ಒಂದೆರಡು ಅವಳ ಬಾಯಿಗೂ ಹೋಗುತ್ತವೆ. ನಾಗರತ್ನಾಳಿಗೆ ಅದು ಗೊತ್ತು, ಹಾಗಾಗಿ ನಾಲ್ಕು ಹೆಚ್ಚಿಗೇ ಇಡುತ್ತಾಳೆ.