ಮಡಿಲಕ್ಕಿಗೆಂದು ಅಟ್ಟ ಹತ್ತಿದ ಕಾಯಿ

ಗುಬ್ಬಿಯ ಸೋಮಶೇಖರಯ್ಯ ಬಸ್ ಕಂಡಕ್ಟರಾಗಿ ರಿಟೈರಾದವರು. ಬಸ್ಸು ತುಮಕೂರಿನಲ್ಲಿ ನಿಂತಿದ್ದರೆ ಇವರ ಬಾಯಲ್ಲಿ ಗುಬ್ಬಿ, ಗುಬ್ಬಿಯಲ್ಲಿ ನಿಂತರೆ ನಿಟ್ಟೂರು. ಕೆಲಸ ಬಿಟ್ಟರೂ ಚಾಳಿ ಬಿಡಲಿಲ್ಲ. ಬೆಳಿಗ್ಗೆ ಇಡ್ಲಿ ಮುರಿಯುತ್ತಾ ಮಧ್ಯಾಹ್ನಕ್ಕೆ ಏನು ಸಾರು ಎಂದು ಕೇಳುವರು, ಮಧ್ಯಾಹ್ನ ಸಾರು ಕಲಸುತ್ತಾ ರಾತ್ರಿಗೇನು ಎನ್ನುವರು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ಹೆಂಡತಿ ಶಕುಂತಲಮ್ಮ ಸುಮ್ಮನಾಗಿದ್ದರು.

ಒಬ್ಬಳೇ ಮಗಳು ಅನುಪಮಾಗೆ ಕುಣಿಗಲ್ ಕಡೆ ಸಂಬಂಧ ಕುದುರಿತು. ಮದುವೆ ಮುಂದಿನ ವರ್ಷಕ್ಕೆ ಎಂದು ನಿಶ್ಚಯವಾಯಿತು. ಅವತ್ತೇ ಸೋಮಶೇಖರಯ್ಯನವರು ಪಣ ತೊಟ್ಟರು. ಮಗಳ ಮಡಿಲು ತುಂಬುವಾಗ ಅಕ್ಕಿ ಬೆಲ್ಲದ ಜೊತೆ ಇಡುವ ಕೊಬ್ಬರಿ ಅಂಗಡಿಯದಾಗಬಾರದು, ಅವಳು ಹುಟ್ಟಿದ ವರ್ಷ ಹಿತ್ತಿಲಲ್ಲಿ ನೆಟ್ಟ ಮರದ್ದೇ ಆಗಬೇಕು. ಬಲಿತ ಕಾಯಿ ಕೆಡವಿಸಿ, ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರು. ಹೆಚ್ಚುಕಮ್ಮಿ ವರ್ಷ ತುಂಬಿದರೆ ಒಳಗಿನ ನೀರು ಇಂಗಿ, ಕಾಯಿ ಕರಟ ಬಿಟ್ಟು, ಅಲ್ಲಾಡಿಸಿದಾಗ ಗಡಗಡ ಅನ್ನುತ್ತದೆ. ಅಲ್ಲಿಯವರೆಗೆ ಮನುಷ್ಯ ಮಾಡಬೇಕಾದ್ದು ಏನೂ ಇಲ್ಲ. ಆ ಏನೂ ಇಲ್ಲದ ಕೆಲಸವೇ ಈ ಮಹಾರಾಯರಿಗೆ ಬಾರದು.

ದಿನಾ ಸಂಜೆ ಏಣಿ ಹಾಕಿ ಅಟ್ಟ ಹತ್ತಿ, ಕಾಯಿಯನ್ನು ಕಿವಿಗೆ ಹಿಡಿದು ಕುಲುಕುವರು. ಅನುಮಾನ ಬಂದರೆ ಒಂದನ್ನು ಒಡೆದೇ ನೋಡುವರು. ನೀರು ಚೆಲ್ಲುತ್ತಿತ್ತು, ಮಾರನೆಯ ದಿನ ಮನೆಯಲ್ಲಿ ಚಟ್ನಿ.

"ರೀ, ಹಿಂಗೇ ನೋಡ್ತಿದ್ರೆ ಮಗಳ ಮಡಿಲಿಗೆ ಚಟ್ನಿನೇ ಹಾಕ್ಬೇಕಾಗ್ತದೆ" ಎಂದು ಶಕುಂತಲಮ್ಮ ರೇಗಿದರು. ಅಟ್ಟದ ಮೇಲಿನ ರಾಶಿ ಕರಗುತ್ತಾ ಬಂದು, ಕಡೆಗೆ ಒಂದು ಮೂಲೆಯಷ್ಟು ಉಳಿಯಿತು.

ಅವರೆಕಾಯಿ ಕಾಲ ಬಂತು. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಮುಗಿಸಿ ಬಂದ ಅನುಪಮಾ, ನೆನೆಸಿದ ಅವರೆಕಾಳು ಹಿದುಕಲು ಜಗಲಿಯ ಮೇಲೆ ಕೂತಿದ್ದಳು. ಅಪ್ಪ ಮಾಮೂಲಿನಂತೆ ಏಣಿ ಹತ್ತುತ್ತಿದ್ದರು.

"ಅಪ್ಪಾ, ನನ್ ಮಡಿಲಿಗೆ ಅಂತ ನೀನು ಅಟ್ಟದಲ್ಲೇ ಇರ್ತೀಯ. ನಾನ್ ಇಲ್ಲಿ ಕೆಳಗಡೆ ಇದೀನಿ ಕಣಪ್ಪ."

ಅವಳು ನಗುತ್ತಲೇ ಹೇಳಿದ್ದು. ಆದರೆ ಸೋಮಶೇಖರಯ್ಯನವರು ಏಣಿಯ ಮಧ್ಯದಲ್ಲೇ ನಿಂತು ಕೆಳಗೆ ತಿರುಗಿ ನೋಡಿದರು. ಹೌದಲ್ಲ, ಮದುವೆ ಮದುವೆ ಎನ್ನುತ್ತಾ ಮಗಳ ಮುಖವನ್ನೇ ಸರಿಯಾಗಿ ನೋಡಿ ಎಷ್ಟು ದಿನವಾಯಿತು? ಕೆಳಗಿಳಿದವರೇ ಏಣಿಯನ್ನು ಹೊತ್ತುಕೊಂಡು ಹೋಗಿ ಪಕ್ಕದ ಅಂಜನಪ್ಪನ ಮನೆಯಲ್ಲಿ ಇಟ್ಟುಬಂದರು. "ನಾನು ಬೇಡ್ಕಂಡ್ರೂ ಕೊಡ್ಬೇಡ ಕಣಯ್ಯ, ಮದುವೆವರ್ಗೂ" ಎಂದರು.

ಆಮೇಲೆ ದಿನಾ ಸಂಜೆ ಅಪ್ಪ ಮಗಳು ಎದುರುಬದುರು ಕೂತು ಅವರೆ ಹಿದುಕಿದರು. ಮೊದಮೊದಲು ಇವರು ಹಿದುಕಿದ ಕಾಳು ಬಟ್ಟಲು ಬಿಟ್ಟು ಬೀದಿಗೇ ಹಾರುತ್ತಿತ್ತು. ಅನುಪಮಾ ಬಿದ್ದೂ ಬಿದ್ದೂ ನಗುವಳು. ಫ್ಯಾಕ್ಟರಿಯ ಸುದ್ದಿ, ಹುಡುಗನ ಕಡೆಯವರ ಸುದ್ದಿ, ಒಂದೊಂದಾಗಿ ಬಂತು. ಅಟ್ಟದ ನೆನಪೇ ಹೋಯಿತು.

ಮದುವೆಯ ಹಿಂದಿನ ದಿನ ಏಣಿ ವಾಪಸು ಬಂತು. ಕುಲುಕಲು ಇವರಿಗೆ ಧೈರ್ಯ ಸಾಲದೆ, ಕಾಯಿ ಇಳಿಸಿ ಮಗಳ ಕೈಗೇ ಕೊಟ್ಟರು. ಒಂದು ಗಡಗಡ ಎಂದಿತು. ಇನ್ನೊಂದೂ ಎಂದಿತು. ಸುಲಿದು ಕರಟ ಒಡೆದರೆ ಉಂಡೆ ಉಂಡೆ ಕೊಬ್ಬರಿ. ಮಡಿಲಿಗೆ ಬೇಕಾದಷ್ಟು ಸರಿಯಾಗಿ ಸಿಕ್ಕಿತು, ಒಂದು ಹೋಳೂ ಮಿಗಲಿಲ್ಲ.

ಮದುವೆ ಮುಗಿದು ಮುತ್ತೈದೆಯರು ಮಡಿಲು ತುಂಬುತ್ತಿದ್ದಾಗ ಭಾವಮೈದ ಚನ್ನೇಶ್ ಗಡಿಬಿಡಿಯಿಂದ ಬಂದು ಕಿವಿಯಲ್ಲಿ ಕೇಳಿದ, "ಭಾವ, ನಾಳೆ ಕುಣಿಗಲ್‌ಗೆ ಬೀಗರೂಟಕ್ಕೆ ಬಸ್ಸು ಎಷ್ಟೊತ್ತಿಗೆ ಹೊರಡ್ಬೇಕು?"

ಮುಂದಿನ ಸ್ಟಾಪು ಕೂಗಿಯೇ ಆಯಸ್ಸು ಸವೆಸಿದ ಮನುಷ್ಯ ಕಣ್ಣೊರೆಸಿಕೊಂಡರು. "ಕುಣಿಗಲ್ ಎಲ್ಗೂ ಓಡೋಗಲ್ಲ, ಇರು. ಈಗ ನನ್ ಮಗಳು ಗುಬ್ಬಿಲವ್ಳೆ."