ಶೆಟ್ಲಿ ಗಂಟು ಮತ್ತು ಎರಡು ಮೆಮರಿ ಟೆಸ್ಟ್

ಈ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಇಬ್ಬರಿಗೆ ಮೆಮರಿ ಟೆಸ್ಟ್ ಆಯಿತು. ಒಬ್ಬರು ಪಾಸು, ಇನ್ನೊಬ್ಬರು ಫೇಲು. ಪಾಸಾದದ್ದು ನನ್ನ ಕಂಪ್ಯೂಟರ್. ಫೇಲಾದದ್ದು ನನ್ನ ಅತ್ತೆ.

ಎರಡೂ ರಿಸಲ್ಟನ್ನು ನಂಬಬಾರದು ಎಂದು ತಿಳಿಯಲು ಒಂದು ಗಂಟು ಒಣ ಶೆಟ್ಲಿ ಬೇಕಾಯಿತು. (ಘಟ್ಟದ ಮೇಲಿನ ಓದುಗರಿಗೆ: ಶೆಟ್ಲಿ ಅಂದರೆ ಸಿಗಡಿ. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಿ, ಅಡ್ಡಿಯಿಲ್ಲ. ಕಣ್ಣು ಮಾತ್ರ ತೆರೆದಿರಲಿ.)

ಮೊದಲು ಅತ್ತೆಯ ವಿಷಯ. ಎಪ್ಪತ್ತು ದಾಟಿದೆ, ಬಾಯಿ ಮಾತ್ರ ಇಪ್ಪತ್ತರದ್ದು. ಕಾರವಾರದ ಕೋಡಿಬಾಗದಲ್ಲಿ ನಮ್ಮ ಜೊತೆಗೇ ಇದ್ದಾರೆ. ಹುಟ್ಟಿದ್ದು ಅಂಕೋಲೆ. ಪ್ರತಿ ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ, ಕೈಚೀಲ ಹಿಡಿದು, ಒಬ್ಬರೇ ಬಸ್ ಹತ್ತಿ ಅಲ್ಲಿಗೆ ಹೋಗುತ್ತಾರೆ. ಅಲ್ಲಿ ಅವರ ಅಕ್ಕ ಇದ್ದಾರೆ. ಅಕ್ಕನಿಗೆ ಮಂಡಿನೋವು, ಬಸ್ ಹತ್ತಲಾಗದು. ಇಬ್ಬರೂ ಸೇರಿ ಊಟ ಮಾಡಿ, ಊರವರನ್ನೆಲ್ಲ ಒಂದು ಸುತ್ತು ಆಡಿಕೊಂಡ ಮೇಲೆ ಸಂಜೆ ಬಸ್ಸಿಗೆ ವಾಪಸ್. ವಾರದ ಉಳಿದ ದಿನಗಳೆಲ್ಲ ಆ ಶನಿವಾರದ ತಯಾರಿಯಲ್ಲೇ ಕಳೆಯುತ್ತವೆ.

ಮಳೆ ಶುರುವಾದ ಹೊತ್ತಿಗೆ ಒಂದು ದಿನ ಹಾಲು ಉಕ್ಕಿತು. ಅದೇ ವಾರ ಮತ್ತೊಮ್ಮೆ ಉಕ್ಕಿತು. ಆಮೇಲೆ ಅತ್ತೆಯ ಕನ್ನಡಕ ಫ್ರಿಜ್ಜಿನಲ್ಲಿ, ತೆಂಗಿನಕಾಯಿ ಕಡಿಯ ಪಕ್ಕದಲ್ಲಿ ಸಿಕ್ಕಿತು. ನಮ್ಮವರಿಗೆ, ಅಂದರೆ ಅವರ ಮಗನಿಗೆ, ಗಾಬರಿ ಹತ್ತಿತು. ಮೊಬೈಲಿನಲ್ಲಿ ಏನೇನೋ ಓದಿ, ಇಲ್ಲದ ರೋಗಗಳನ್ನೆಲ್ಲ ತಾಯಿಗೆ ಅಂಟಿಸಿ, ಕಡೆಗೆ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಂಡರು.

ಡಾಕ್ಟರು ಬಯಲುಸೀಮೆಯ ಹುಡುಗ. ಪಾಪ, ಬಹಳ ನಯದ ಮಾತು. "ಅಜ್ಜೀ, ಮೂರು ಹೆಸರು ಹೇಳ್ತೀನಿ. ಸ್ವಲ್ಪ ಹೊತ್ತು ಬಿಟ್ಟು ಕೇಳ್ತೀನಿ, ನೆನಪಿಟ್ಟುಕೊಂಡು ಹೇಳ್ಬೇಕು. ಮಾವಿನಹಣ್ಣು, ಕುರ್ಚಿ, ಗಡಿಯಾರ."

"ಯಾವ ಮಾವಿನಹಣ್ಣು?" ಎಂದರು ಅತ್ತೆ.

"ಯಾವುದಾದ್ರೂ ಆಗ್ಲಿ ಅಜ್ಜಿ."

"ಹಂಗಂದ್ರೆ ಹೆಂಗೆ? ಆಪೂಸು ಬೇರೆ, ಇಶಾಡು ಬೇರೆ. ಇಶಾಡಲ್ಲೂ ಕರಿ ಇಶಾಡೇ ಬೇರೆ, ಬಿಳಿ ಇಶಾಡೇ ಬೇರೆ. ಕರಿ ಇಶಾಡಿಂದು ಸಿಪ್ಪೆ ತೆಳೂ ಇರ್ತದೆ. ನೀವು ತಿಂದೀರೋ ಇಲ್ವೋ?"

ಅಂಕೋಲೆಯವರ ಮುಂದೆ ಬರೀ ಮಾವಿನಹಣ್ಣು ಅನ್ನಬಹುದೇ? ಮಗುವಿಗೆ ಹೆಸರಿಡದೆ 'ಮಗು' ಎಂದು ಶಾಲೆಗೆ ಸೇರಿಸಿದ ಹಾಗಾಗುತ್ತದೆ. ಡಾಕ್ಟರು ತಿಂದಿಲ್ಲ ಎಂದರು. ಅತ್ತೆಗೆ ಅಯ್ಯೋ ಅನ್ನಿಸಿತು. ಇಶಾಡಿನ ರಸ, ಅದರ ಜೊತೆ ಪೂರಿ, ಅದಕ್ಕೆ ಹಾಕುವ ಏಲಕ್ಕಿ ಎಲ್ಲ ವಿವರಿಸಿದರು. ಅಷ್ಟರಲ್ಲಿ ಕುರ್ಚಿಯೂ ಗಡಿಯಾರವೂ ಎಲ್ಲಿ ಹೋದವೋ!

"ಇವತ್ತು ತಾರೀಖು ಎಷ್ಟು ಅಜ್ಜಿ?"

"ತಾರೀಖು ತಕಂಡು ನಾ ಎಂತ ಮಾಡ್ಲಿ? ಇವತ್ತು ಸಂಕಷ್ಟಿ. ನಂದು ಉಪಾಸ."

ಅಂದು ಸಂಕಷ್ಟಿ ಹೌದು. ಆದರೆ ಡಾಕ್ಟರ ಹಾಳೆಯಲ್ಲಿ ಸಂಕಷ್ಟಿಗೆ ಮಾರ್ಕ್ಸ್ ಇಲ್ಲ. ಕೊನೆಗೆ ಅವರು, "ಒಂದೇ ಸಲಕ್ಕೆ ಏನೂ ಹೇಳೋಕಾಗಲ್ಲ. ಮನೇಲಿ ಹೇಗಿರ್ತಾರೆ ಗಮನಿಸಿ. ತಿಂಗಳು ಬಿಟ್ಟು ಬನ್ನಿ" ಎಂದು ಸರಿಯಾಗಿಯೇ ಹೇಳಿದರು. ನಮ್ಮವರ ಕಿವಿಗೆ ಬಿದ್ದದ್ದು ಮಾತ್ರ ಮಾರ್ಕ್ಸ್ ಕಡಿಮೆ ಎಂಬ ಒಂದೇ ಸಂಗತಿ.

ಮನೆಗೆ ಬಂದವರೇ, "ಆಯಿ, ಇನ್ನು ಒಬ್ಬಳೇ ಬಸ್ ಹತ್ತುದು ಬೇಡಾ. ರಜೆ ಇದ್ದಾಗ ನಾನೇ ಕರ್ಕಂಡು ಹೋಗ್ತೆ" ಎಂದು ಆರ್ಡರ್ ಹೊರಡಿಸಿದರು.

ಜಗಳಕ್ಕೆ ಹೆಸರಾದ ಅತ್ತೆ ಅಂದು ಜಗಳವಾಡಲಿಲ್ಲ. "ಅಲ್ಲಿ ಅಕ್ಕ ಬಾಗ್ಲಲ್ಲೇ ಕೂತಿರ್ತದೆ ತಮಾ" ಎಂದಷ್ಟೇ ಹೇಳಿ ಒಳಗೆ ಹೋದರು. ಮಗನಿಗೆ ಶನಿವಾರ ರಜೆ ಯಾವಾಗ ಸಿಗುತ್ತದೆಂದು ನಿಮಗೂ ಗೊತ್ತು. ಒಂದು ಶನಿವಾರ ಹೋಯಿತು, ಇನ್ನೊಂದೂ ಹೋಯಿತು. ಕೈಚೀಲ ಮೊಳೆಯ ಮೇಲೇ ನೇತಾಡುತ್ತಿತ್ತು.

ಸರಿಯಾಗಿ ಇದೇ ಹೊತ್ತಿಗೆ ನನ್ನ ಕಂಪ್ಯೂಟರಿಗೂ ಮರೆವು ಶುರುವಾಯಿತು. ಅರ್ಧ ಅಂಕಣ ಬರೆದಿರುತ್ತೇನೆ, ಫಟ್ಟನೆ ನೀಲಿ ಪರದೆ! ಬರೆದದ್ದೆಲ್ಲ ಗಂಗಾರ್ಪಣ. (ಕಳೆದ ವಾರದ ಬರಹ ಚೆನ್ನಾಗಿರಲಿಲ್ಲ ಎಂದು ಪತ್ರ ಬರೆದವರೇ, ಚೆನ್ನಾಗಿದ್ದದ್ದು ಆ ನೀಲಿಯೊಳಗೆ ಹೋಯಿತು.) ರಿಕ್ಷಾದಲ್ಲಿ ಹೇರಿಕೊಂಡು ಪೇಟೆಯಲ್ಲಿರುವ ಉಲ್ಲಾಸನ ರಿಪೇರಿ ಅಂಗಡಿಗೆ ಒಯ್ದೆ.

"ಮೆಮರಿ ಮೇಲೆ ಸಂಶಯ ಅದೆ ಅಕ್ಕೋರೇ" ಎಂದ ಉಲ್ಲಾಸ. (ಹಿಂದೆ ಶಾಲೆಯಲ್ಲಿ ಕಲಿಸಿದ್ದಕ್ಕೆ ಊರಿಗೆಲ್ಲ ನಾನು ಅಕ್ಕೋರು.) ಒಳಗಿನಿಂದ ಒಂದು ಹಸಿರು ಪಟ್ಟಿ ಕಿತ್ತು ತೆಗೆದ. ಮಕ್ಕಳ ಫೂಟ್‌ಪಟ್ಟಿಯ ಅರ್ಧದಷ್ಟಿದೆ. ಅದರ ಮೇಲೆ ಕಪ್ಪು ಚಿಪ್‌ಗಳು. ಅದರ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಗಸಗಸ ಉಜ್ಜಿದ. ಸಮುದ್ರದ ಉಪ್ಪುಗಾಳಿ ನಮ್ಮ ಕಿಟಕಿಯ ಸರಳನ್ನೇ ತಿನ್ನುತ್ತದೆ, ಇದನ್ನು ಬಿಡುತ್ತದೆಯೇ? ಉಜ್ಜಿ, ವಾಪಸ್ ಕೂರಿಸಿ, ಟೆಸ್ಟ್ ಹಚ್ಚಿದ.

ಆ ಟೆಸ್ಟ್ ನೋಡಬೇಕು ನೀವು! ಚಿಪ್‌ನೊಳಗೆ ಕೋಟಿಗಟ್ಟಲೆ ಪುಟ್ಟ ಕೋಣೆಗಳಿವೆಯಂತೆ. ಪ್ರತಿ ಕೋಣೆಯಲ್ಲಿ ಸೊನ್ನೆ ಬರೆಯುವುದು, ಓದಿಸುವುದು. ಒಂದು ಬರೆಯುವುದು, ಓದಿಸುವುದು. ಆಮೇಲೆ ಚದುರಂಗದ ಮನೆಗಳ ಹಾಗೆ ಒಂದು ಬಿಟ್ಟು ಒಂದು. ಆಮೇಲೆ ಅದನ್ನೇ ಉಲ್ಟಾ. ಪಕ್ಕದ ಕೋಣೆಯ ಬಾಗಿಲನ್ನು ಮೇಲಿಂದ ಮೇಲೆ ಬಡಿದು, ಈ ಕೋಣೆಯವನು ನೆನಪಿಟ್ಟದ್ದು ಕದಡುತ್ತದೆಯೇ ಎಂದೂ ನೋಡುವ ಟೆಸ್ಟ್ ಇದೆ. (ನೆರೆಮನೆಯ ಗಲಾಟೆಗೆ ತಲೆಕೆಡುವುದು ಮನುಷ್ಯರಿಗೆ ಮಾತ್ರ ಅಂದುಕೊಂಡಿದ್ದೆ.)

"ಏಕ್‌ದಮ್ ಫಸ್ಟ್ ಕ್ಲಾಸ್ ಅದೆ. ಒಂದೂ ತಪ್ಪಿಲ್ಲ" ಎಂದ ಉಲ್ಲಾಸ. ಖುಷಿಯಿಂದ ಮನೆಗೆ ತಂದು ಹಚ್ಚಿದೆ. ಚಹಾ ಮುಗಿಯುವುದರೊಳಗೆ ನೀಲಿ ಪರದೆ. ಮತ್ತೆ ರಿಕ್ಷಾ, ಮತ್ತೆ ಅಂಗಡಿ, ಮತ್ತೆ ಫಸ್ಟ್ ಕ್ಲಾಸ್. ಮನೆಯಲ್ಲಿ ನರಳುವವರು ಡಾಕ್ಟರ ಮುಂದೆ ಕೂತ ಕೂಡಲೇ ನೆಟ್ಟಗಾಗುತ್ತಾರಲ್ಲ, ಅದೇ ಕಥೆ.

ಅಷ್ಟರಲ್ಲಿ ನನಗೂ ಹುಚ್ಚು ಹಿಡಿದಿತ್ತು. ಈ ಮೆಮರಿ ಟೆಸ್ಟ್‌ಗಳ ಬಗ್ಗೆ ಮೊಬೈಲಿನಲ್ಲಿ ಕಂಡದ್ದನ್ನೆಲ್ಲ ಓದಿದೆ. ಎಂಥೆಂಥ ತಲೆಗಳು ಇದರ ಹಿಂದೆ ಕೂತಿವೆ ಮಾರಾಯ್ರೆ! ಚಿಪ್ ಎಂಬುದು ಒಂದು ಸೋರುವ ಕೊಡಪಾನ. ಬರೆದದ್ದು ಸೋರಿಹೋಗುವ ಮೊದಲೇ ಸೆಕೆಂಡಿಗೆ ಎಷ್ಟೋ ಸಲ ಮತ್ತೆ ತುಂಬುತ್ತಿರಬೇಕು. ಅದು ಮರೆಯುತ್ತದೆ ಎಂದು ಮಾಡಿದವರಿಗೇ ಗೊತ್ತು. ಬೈಯುವುದಿಲ್ಲ, ಉಪಾಯ ಮಾಡುತ್ತಾರೆ. ಕೆಲವು ಚಿಪ್‌ಗಳಲ್ಲಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಏರ್ಪಾಡು ಒಳಗೇ ಇದೆ. ಒಂದು ಸಾಲು ಕೆಟ್ಟರೆ ಅದರ ಕೆಲಸಕ್ಕೆ ನಿಲ್ಲಲು ಬಿಡಿ ಸಾಲುಗಳಿವೆ. ದೊಡ್ಡ ಯಂತ್ರಗಳಲ್ಲಿ ಒಂದಕ್ಷರ ತಪ್ಪಿದರೆ ಅಲ್ಲೇ ಸದ್ದಿಲ್ಲದೆ ತಿದ್ದಿ, ತಪ್ಪು ಹೆಚ್ಚುತ್ತಿದೆಯೇ ಎಂದು ನಿಗಾ ಇಡುವ ವ್ಯವಸ್ಥೆಯೂ ಇದೆ. ಹತ್ತಿರದಲ್ಲೇ ಜ್ವರ ನೋಡುವ ಸೆನ್ಸರ್ ಬೇರೆ. ಮರೆತಿದ್ದೀಯಾ ಎಂದು ಕೇಳಿದರೆ ಸಾಲದು, ಯಾವಾಗ, ಯಾವ ಬಿಸಿಯಲ್ಲಿ, ಯಾರ ಗಲಾಟೆಗೆ ಮರೆತೆ ಎಂದೂ ಕೇಳಬೇಕು ಎಂಬುದು ಅವರ ಲೆಕ್ಕ.

ಒಂದು ಚಿಪ್‌ಗೆ ಇಷ್ಟು ಉಪಚಾರ. ನಮ್ಮ ಅತ್ತೆಗೆ? ಮಾವಿನಹಣ್ಣು, ಕುರ್ಚಿ, ಗಡಿಯಾರ!

ಕಡೆಗೆ ಉಲ್ಲಾಸನನ್ನು ಮನೆಗೇ ಕರೆಸಿದೆ. ಭಾನುವಾರ, ನಮ್ಮವರೂ ಇದ್ದರು. ಟೆಸ್ಟ್ ಹಚ್ಚಿದ. ಮೊದಲ ಸುತ್ತು ಪಾಸು. ಎರಡನೇ ಸುತ್ತಿನ ನಡುವೆ ಪರದೆಯ ಮೇಲೆ ಕೆಂಪು ಗೆರೆ ಬಿತ್ತು. ಇನ್ನೊಂದು, ಮತ್ತೊಂದು. ಉಲ್ಲಾಸ ಕಂಪ್ಯೂಟರಿನ ಡಬ್ಬಿಯ ಮೇಲೆ ಕೈಯಿಟ್ಟವನು ಥಟ್ಟನೆ ತೆಗೆದ.

"ಅರೇ ದೇವಾ! ದೋಸೆ ಕಾವ್ಲಿ ಆಗದೆ ಇದು!"

ಬಗ್ಗಿ, ಟೇಬಲ್ಲಿನ ಕೆಳಗೆ ತಲೆ ಹಾಕಿ, ಡಬ್ಬಿಯ ಹಿಂದೆ ಕೈ ತೂರಿಸಿದ. ಬಿಸಿಗಾಳಿ ಹೊರಬರುವ ಕಿಂಡಿಗೆ ಒತ್ತಿ ಇಟ್ಟಿದ್ದ ಒಂದು ಬಟ್ಟೆಯ ಗಂಟು ಹೊರಬಂತು. ಸಣ್ಣ ಗಂಟಲ್ಲ, ಮಗುವಿನ ತಲೆದಿಂಬಿನಷ್ಟಿದೆ. ಬಿಚ್ಚಿದರೆ ಒಣ ಶೆಟ್ಲಿ!

ವಾಸನೆ ಬರಲಿಲ್ಲವೇ ಎಂದು ಕೇಳುತ್ತೀರಿ. ಮಳೆಗಾಲದಲ್ಲಿ ಬೋಟು ಕಡಲಿಗಿಳಿಯುವುದಿಲ್ಲ, ಬೇಸಿಗೆಯಲ್ಲಿ ಕೂಡಿಟ್ಟ ಒಣಮೀನೇ ಗತಿ. ಆಗ ಕಾರವಾರದ ಮನೆಯಲ್ಲಿ ಆ ವಾಸನೆ ಬರದಿದ್ದರೆ ನಾವು ಗಾಬರಿಯಾಗುವುದು.

"ನೋಡಿದ್ಯಾ!" ಎಂದು ನಮ್ಮವರು ಎದ್ದೇ ನಿಂತರು. "ಎಲ್ಲಿ ಇಡಬೇಕಾದ್ದನ್ನ ಎಲ್ಲಿಟ್ಟಿದಾಳೆ! ಮೊನ್ನೆ ಕನ್ನಡಕ ಫ್ರಿಜ್ಜಲ್ಲಿ, ಇವತ್ತು ಶೆಟ್ಲಿ ಕಂಪ್ಯೂಟರಲ್ಲಿ. ಇಟ್ಟಿದ್ದೂ ನೆನಪಿಲ್ಲ!"

ಅಡುಗೆಮನೆಯಿಂದ ಅತ್ತೆ ಸೆರಗಿಗೆ ಕೈ ಒರೆಸುತ್ತ ಬಂದರು.

"ಯಾರಿಗೆ ನೆನಪಿಲ್ಲ? ನಾನೇ ಇಟ್ಟಿದ್ದು. ಈ ಮಳೆಗೆ ಬಿಸಿಲು ಎಲ್ಲದೆ? ಶೆಟ್ಲಿ ಮೆತ್ತಗಾಗಿ ಹುಳ ಬೀಳ್ತದೆ. ಈ ಮಿಷನ್ನು ದಿನಾ ಬಿಸಿ ಉಸ್ರು ಬಿಡ್ತದೆ, ಸುಮ್ನೆ ಹೋಗುದು ಎಂತಕೆ ಅಂದ್ಕಂಡು ಇಟ್ಟೆ. ಗರಿಗರಿ ಆಗ್ತದೆ. ಮಿಷನ್ನು ಅಂಗಡಿಗೆ ಹೋಗುವಾಗ ತೆಗ್ದಿಟ್ಟೆ, ಬಂದ್ಮೇಲೆ ಮತ್ತೆ ಇಟ್ಟೆ. ಮುಂಚೆ ಶನಿವಾರಕ್ಕೊಂದು ಸಣ್ಣ ಪೊಟ್ಲೆ, ಅಕ್ಕಂಗೆ ಕೊಟ್ಟು ಬತ್ತಿದ್ದೆ. ಈಗ ನೀ ಹೋಗುದು ಬೇಡಾ ಅಂದಿ. ಪೊಟ್ಲೆ ಮೇಲೆ ಪೊಟ್ಲೆ ಸೇರಿ ಗಂಟಾಯ್ತು."

ನಾನು, ಉಲ್ಲಾಸ ಮುಖ ಮುಖ ನೋಡಿಕೊಂಡೆವು. ಅತ್ತೆಯ ಶನಿವಾರ ನಿಂತಿತು, ಗಂಟು ದಪ್ಪವಾಯಿತು, ಗಾಳಿಯ ದಾರಿ ಮುಚ್ಚಿತು. "ಬಿಸಿ ಆದ್ರೆ ಮೆಮರಿ ಜಲ್ದಿ ಸೋರ್ತದೆ ಅಕ್ಕೋರೇ. ಅಂಗಡೀಲಿ ಎಸಿ, ಅಲ್ಲಿ ಹೆಂಗೆ ತಪ್ಪು ಕಾಣ್ತದೆ?" ಎಂದ ಉಲ್ಲಾಸ.

ನಮ್ಮವರು ಸುಲಭಕ್ಕೆ ಬಗ್ಗುವವರಲ್ಲ. "ಹೇಳಿ ಇಡುದಲ್ವಾ ಆಯಿ?"

"ಹೇಳಿದ್ನಲಾ ನಿಂಗೇ! ನೀ ಇದೇ ಕುರ್ಚಿ ಮೇಲೆ ಕೂತಿದ್ದೆ. ನೀಲಿ ಗೆರೆ ಲುಂಗಿ ಉಟ್ಟಿದ್ದೆ. ಮೊಬೈಲ್ ನೋಡ್ತಾ, 'ಹೂಂ ಆಯಿ' ಅಂದಿ. ಕೇಳ್ತೋ ಇಲ್ವೋ ಅಂತ ಮತ್ತೊಂದ್ಸಲ ಹೇಳ್ದೆ. ಮತ್ತೂ 'ಹೂಂ' ಅಂದಿ."

ನಮ್ಮವರು ಛಾವಣಿ ನೋಡತೊಡಗಿದರು. ನೆನಪು ಮಾಡಿಕೊಳ್ಳುತ್ತಿದ್ದರು, ಪಾಪ. ಆದರೆ ಬರೆದೇ ಇರದ ಕೋಣೆಯಿಂದ ಓದುವುದು ಏನನ್ನು?

ಅತ್ತೆ ಮರೆಯುವುದೇ ಇಲ್ಲ ಎಂದು ನಾನು ಸರ್ಟಿಫಿಕೇಟ್ ಕೊಡುವುದಿಲ್ಲ. ಹಾಲು ಉಕ್ಕಿದ್ದು ನಿಜ, ಮುಂದೆಯೂ ಉಕ್ಕಬಹುದು. ಡಾಕ್ಟರ ಹತ್ತಿರ ಮತ್ತೆ ಹೋಗುತ್ತೇವೆ, ಹೋಗಲೇಬೇಕು. ಆದರೆ ಅಲ್ಲಿಯವರೆಗೆ ಅವರ ಶನಿವಾರವನ್ನು ಕಿತ್ತಿಟ್ಟುಕೊಳ್ಳುವುದು ಯಾವ ಔಷಧ? ನಾನು ಅಂದೇ ಗಟ್ಟಿಯಾಗಿ ಹೇಳಿದೆ: "ಈ ಶನಿವಾರ ಅತ್ತೆ ಹೋಗ್ತಾರೆ. ಒಬ್ಬರೇ ಹೋಗ್ತಾರೆ." ಅಂದು ಊಟದ ಹೊತ್ತಿಗೆ ಅತ್ತೆಯ ಕೈಯಿಂದ ನನ್ನ ತಟ್ಟೆಗೆ ಒಂದು ಸೌಟು ಶೆಟ್ಲಿ ಚಟ್ನಿ ಜಾಸ್ತಿ ಬಿತ್ತು.

ಶನಿವಾರ ಬಂತು. ಕೈಚೀಲ ಮೊಳೆಯಿಂದ ಇಳಿಯಿತು, ಗಂಟು ಅದರೊಳಗೆ ಹೋಯಿತು. ಅತ್ತೆ ಬಸ್ ಹತ್ತಿದರು. ಆ ದಿನ ಮಾತ್ರ ಹೇಗೋ ರಜೆ ಸಿಕ್ಕಿದ್ದ ನಮ್ಮವರು "ಸ್ವಲ್ಪ ಕೆಲಸ ಅದೆ" ಎಂದು ಗೊಣಗಿ, ಗಡಿಬಿಡಿಯಲ್ಲಿ ಸ್ಕೂಟರ್ ಹತ್ತಿ ಮಾಯವಾದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಗೊತ್ತಿತ್ತು.

ಬಸ್ಸಿನ ಹಿಂದೆ ಅಂಕೋಲೆಯವರೆಗೂ ಹೋಗಿದ್ದಾರೆ ಪುಣ್ಯಾತ್ಮರು. ದಾರಿಯಲ್ಲಿ ಜಡಿಮಳೆ ಹಿಡಿಯಿತು. ಅಂಕೋಲೆ ಸ್ಟ್ಯಾಂಡಿನಲ್ಲಿ ಅತ್ತೆ ಇಳಿದರು, ಕೊಡೆ ಬಿಚ್ಚಿದರು, ಹೂವಿನವಳ ಹತ್ತಿರ ಅಕ್ಕನಿಗೆ ಅಬ್ಬಲಿಗೆ ದಂಡೆ ಕೊಂಡರು. ಇವರು ಒಂದು ಕಂಬದ ಹಿಂದೆ ನಿಂತು ನಿಗಾ ಇಡುತ್ತಿದ್ದರು. ಅತ್ತೆ ಸೀದಾ ಆ ಕಂಬದ ಬಳಿಗೇ ಬಂದರಂತೆ.

"ತೋಡೂರು ಸ್ಟಾಪಿಂದ ನಿನ್ನ ಕಿಟಕೀಲಿ ನೋಡ್ತಾನೇ ಬಂದೆ. ರೇನ್‌ಕೋಟ್ ಬಾಗ್ಲ ಹಿಂದೆ ಅದೆ, ತಕಂಡು ಹೋಗು ಅಂತ ಬೆಳಿಗ್ಗೆನೇ ಹೇಳಿದ್ನಲಾ ತಮಾ?"

ಸಂಜೆ ಒದ್ದೆ ಮುದ್ದೆಯಾಗಿ, ಸೀನುತ್ತ ಮನೆಗೆ ಬಂದ ನಮ್ಮವರೇ ಇದನ್ನೆಲ್ಲ ಹೇಳಿದ್ದು. ತಿಂಗಳಾಗುತ್ತ ಬಂತು, ಡಾಕ್ಟರ ಕ್ಲಿನಿಕ್ಕಿನಿಂದ ಫೋನೂ ಬಂದಿದೆ. ಅಪಾಯಿಂಟ್‌ಮೆಂಟ್ ಯಾರ ಹೆಸರಿನಲ್ಲಿ ಬರೆಸಲಿ?